ಹಾಲಲ್ಲಿ ಅದ್ದದ ಕೈ

ಹಾಲು ಆಗಲೇ ಹುಳಿ ವಾಸನೆ ಹೊಡೆಯುತ್ತಿತ್ತು. ನರ್ಸರಿಯ ಗೇಟಿನ ಪಕ್ಕದ ಚಪ್ಪಡಿ ಕಲ್ಲಿನ ಮೇಲಿಟ್ಟ ಸ್ಟೀಲ್ ಬೋಗುಣಿಯ ಅಂಚಿನಲ್ಲಿ ಹಾಲು ಒಣಗಿ ಬಿಳಿ ಪೊರೆಯಾಗಿ ಎದ್ದಿತ್ತು. ಅದರ ಮೇಲೆ ಒಂದು ನೊಣ ಕೂತು ಕಾಲು ಉಜ್ಜಿಕೊಳ್ಳುತ್ತಿತ್ತು. ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಳೆಗಳನ್ನು ಮೇಲಕ್ಕೆ ಸರಿಸಿ, ಎರಡೂ ಕೈ ಅದ್ದಿ, ಬೆರಳ ಸಂದಿಯಿಂದ ತೊಟ್ಟಿಕ್ಕುವ ಹಾಲನ್ನು ಸೆರಗಿಗೆ ಒರೆಸಬಾರದೆಂದು ಕೈ ಮುಂದೆ ಚಾಚಿಕೊಂಡೇ ನಿಲ್ಲುತ್ತಿದ್ದರು. ಥೂ, ಎಂದುಕೊಂಡ ನರ್ಸರಿಯ ಮೇಲ್ವಿಚಾರಕ ಶಿವಪ್ರಸಾದ್. ಈ ನಿಯಮ ಮಾಡಿದವನು ಅವನೇ. ಹೊಗೆಸೊಪ್ಪು ಹಿಡಿದ ಕೈಯಿಂದ ಟಮೋಟ ಸಸಿಗೆ ನಂಜು ಹತ್ತುತ್ತದೆ, ಹಾಲಲ್ಲಿ ಅದ್ದಿದರೆ ಆ ನಂಜು ಕೈಯಲ್ಲೇ ಸಾಯುತ್ತದೆ ಎಂದು ತರಬೇತಿಯಲ್ಲಿ ಕೇಳಿ ಬಂದು ಮಾಲೀಕ ಸುಧಾಕರನಿಗೆ ಹೇಳಿದಾಗ ಆತ ನಕ್ಕಿದ್ದ. ಹಾಲು ಇರುವುದು ಕುಡಿಯುವುದಕ್ಕೆ, ಇಲ್ಲವೆಂದರೆ ಅಭಿಷೇಕಕ್ಕೆ, ಇದೇನ್ರೀ ಇದು ಎಂದಿದ್ದ. ಆಮೇಲೆ ಅವನಿಗೇ ಅದು ಹಿಡಿಸಿಬಿಟ್ಟಿತು. ಬೂದಿಕೋಟೆ ಕಡೆಯಿಂದ ಸಸಿಗೆ ಬರುವ ರೈತರನ್ನೆಲ್ಲ ಬೋಗುಣಿಯ ಮುಂದೆ ನಿಲ್ಲಿಸಿ, ನಮ್ಮಲ್ಲಿ ಸಸಿ ಮುಟ್ಟಬೇಕಾದರೂ ಹಾಲಲ್ಲಿ ಕೈ ತೊಳೆಯುತ್ತೇವೆ ಎಂದು ತೋರಿಸುತ್ತಿದ್ದ. ರೈತರು ಬೋಗುಣಿಗೆ ಕೈ ಮುಗಿಯುವುದೊಂದು ಬಾಕಿ.

ಕೈ ಆದ ಮೇಲೆ ಬಾಯಿ. ಶಿವಪ್ರಸಾದ್ ಗೇಟಿನ ಒಳಗಡೆ ನಿಂತು ಒಬ್ಬೊಬ್ಬರಿಗೂ ಆ ಅನ್ನಿ ಎನ್ನುತ್ತಿದ್ದ. ಬಾಯಿಗಳು ತೆರೆದುಕೊಳ್ಳುತ್ತಿದ್ದವು: ಕೆಂಪು ಹಿಡಿದ ಹಲ್ಲು, ದವಡೆಯ ಸಂದಿಯಲ್ಲಿ ಸಿಕ್ಕಿಕೊಂಡ ಬೆಳಗಿನ ರಾಗಿಮುದ್ದೆಯ ಚೂರು, ಹುಳುಕು, ಬೆಳ್ಳಗೆ ಮಂದ ಕಟ್ಟಿದ ನಾಲಿಗೆ. ಬಿಸಿ ಉಸಿರು ಮುಖಕ್ಕೆ ಬಡಿಯುತ್ತಿತ್ತು, ಆದರೂ ಬಗ್ಗಿ ನೋಡುತ್ತಿದ್ದ. ನೋಡುವುದನ್ನು ಬಿಡಲು ಆಗುತ್ತಿರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಅಕ್ಕಯ್ಯಮ್ಮ ದಿನವೂ ತನ್ನ ಎಲೆ ಅಡಿಕೆ ಹೊಗೆಸೊಪ್ಪಿನ ಚೀಲವನ್ನು ಗೇಟಿನ ಹೊರಗಿನ ಬೇವಿನ ಕೊಂಬೆಗೆ ನೇತುಹಾಕಿ, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಮುಖ ಸಿಂಡರಿಸಿಕೊಂಡು ಬಂದು, ಮಗು ಡಾಕ್ಟರ ಮುಂದೆ ಬಾಯಿ ತೆರೆದಂತೆ ತೆರೆಯುತ್ತಿದ್ದಳು. ನೋಡ್ಕೊಳಿ ಸಾ, ಒಳಗೆ ಒಬ್ಬ ಮನ್ಸ ಓಗಿ ಬತ್ತಾನೆ ಅಷ್ಟು ಜಾಗ ಐತೆ, ಎಂದು ನಗಿಸುತ್ತಿದ್ದಳು. ಇವತ್ತೂ ನಗಿಸಿದಳು. ಶಿವಪ್ರಸಾದ್ ನಗಲಿಲ್ಲ. ನಗಲು ತುಟಿ ಬಿಡಿಸಬೇಕು. ಅವನ ಮೇಲ್ದುಟಿಯ ಹಿಂದೆ, ಒಸಡಿಗೆ ಅಂಟಿಕೊಂಡು, ಹೊಗೆಸೊಪ್ಪಿನ ಪುಡಿ ತುಂಬಿದ ಸಣ್ಣ ಚೀಲವೊಂದು ಮೆತ್ತಗೆ ಉರಿಯುತ್ತಿತ್ತು.

ಮೈಸೂರು ಮೈನ್ಸ್ ಕಡೆಯ ಬಾಡಿಗೆ ಮನೆಯಿಂದ ಬೈಕಿನಲ್ಲಿ ಕ್ಯಾಸಂಬಳ್ಳಿ ರಸ್ತೆ ಹಿಡಿದಾಗ, ಚಿನ್ನದ ಗಣಿಯ ಸೈನೈಡ್ ದಿಬ್ಬದ ಧೂಳು ಗಾಳಿಗೆ ಎದ್ದು ಹಲ್ಲಿನ ಸಂದಿಯಲ್ಲಿ ಕರಕರ ಎನ್ನುವಾಗ, ದಿನವೂ ಅದೇ ತಿರುವಿನಲ್ಲಿ ಗಾಡಿ ನಿಲ್ಲಿಸಿ ಅದನ್ನು ತುಟಿಯೊಳಗೆ ಇಟ್ಟುಕೊಳ್ಳುತ್ತಿದ್ದ. ಹೆಂಡತಿ ಭಾರ್ಗವಿಗೂ ಗೊತ್ತಿಲ್ಲ. ಗೊತ್ತಿರಬಹುದು, ಅವಳು ಇತ್ತೀಚೆಗೆ ಅವನ ಕಡೆ ಬೆನ್ನು ಹಾಕಿ ಮಲಗುತ್ತಾಳೆ. ನರ್ಸರಿಗೆ ಬಂದು ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆಯುತ್ತಿದ್ದ, ಎರಡು ಸಲ ತೊಳೆಯುತ್ತಿದ್ದ, ಸೋಪು ಸಾಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬೋಗುಣಿಗೆ ಮಾತ್ರ ಅವನು ಕೈ ಹಾಕಿದವನೇ ಅಲ್ಲ. ಎಲ್ಲರೂ ಒಳಗೆ ಹೋದ ಮೇಲೆ ಕೊನೆಗೆ ತಾನು ಅದ್ದುವವನಂತೆ ಬೋಗುಣಿಯ ಹತ್ತಿರ ಬಗ್ಗುತ್ತಿದ್ದ, ಅಷ್ಟೆ. ಕಾಯುವವನನ್ನು ಯಾರು ಕಾಯುತ್ತಾರೆ? ಅಷ್ಟು ಕೈಗಳ ಬೆವರು, ಉಗುರು ಸಂದಿಯ ಕೊಳೆ, ಬಳೆಯ ಜಿಡ್ಡು ಎಲ್ಲ ಸೇರಿ ಬೆಚ್ಚಗಾದ ಆ ಹಾಲಿನಲ್ಲಿ ಬೆರಳು ಇಡುವುದನ್ನು ನೆನೆದರೇ ಅವನು ಕೈಗಳನ್ನು ಜೇಬಿಗೆ ಇಳಿಸಿಕೊಳ್ಳುತ್ತಿದ್ದ. ಅವನು ಚಿಕ್ಕವನಿದ್ದಾಗ ಒಮ್ಮೆ ಅಮ್ಮ ಹೊರಗಾಗಿ ಹಿತ್ತಿಲ ಜಗಲಿಯಲ್ಲಿ ಗೋಣಿತಾಟಿನ ಮೇಲೆ ಕೂತಿದ್ದಳು. ಬಿದ್ದು ಮಂಡಿ ತರಚಿಕೊಂಡ ಅವನು ಅಳುತ್ತ ಓಡಿಹೋಗಿ ಅವಳ ತೊಡೆಯ ಮೇಲೆ ಬಿದ್ದಿದ್ದ. ಅಮ್ಮ ಕೈ ಎತ್ತಿ ಹಿಡಿದಿದ್ದಳು, ಮುಟ್ಟಬೇಡ ಕಂದಾ ಎನ್ನುತ್ತ, ಆದರೂ ತಳ್ಳದೆ. ಅಜ್ಜಿ ಅವನನ್ನು ಎಳೆದುಕೊಂಡು ಹೋಗಿ ತಣ್ಣೀರು ಸುರಿದು, ತನ್ನ ಒರಟು ಬೆರಳಿನಿಂದ ಬಾಯಿಗೆ ಗಂಜಲ ಬಿಟ್ಟಿದ್ದಳು. ಕಕ್ಕಿದ. ಕಕ್ಕಿದ ಬಾಯಿಗೆ ಲೋಟದ ಹಾಲು ಸುರಿದಿದ್ದಳು, ರುಚಿ ಹೋಗಲಿ ಎಂದು. ಆ ರುಚಿ ಹೋಗಿಲ್ಲ. ಇವತ್ತಿಗೂ ಹಾಲೆಂದರೆ ಅವನಿಗೆ ದನದ ಉಚ್ಚೆಯೇ.

ಎರಡು ಬಾಗಿಲು ದಾಟಿ, ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಕಾಲಿಟ್ಟು, ಸಸಿ ಬೆಳೆಸುವ ಬಲೆಮನೆಯೊಳಗೆ ಬಂದರೆ ಮಾತ್ರ ಅವನಿಗೆ ಉಸಿರು ಬರುತ್ತಿತ್ತು. ಒಳಗೆ ಸಾಲು ಸಾಲು ಟ್ರೇಗಳಲ್ಲಿ ಸಸಿಗಳು ಒಂದೇ ಎತ್ತರಕ್ಕೆ, ಒಂದೇ ಬಣ್ಣಕ್ಕೆ ನಿಂತಿರುತ್ತಿದ್ದವು. ಪ್ರಪಂಚದಲ್ಲಿ ಅವನಿಗೆ ಅಸಹ್ಯವಾಗದ ಒಂದೇ ವಸ್ತು ಅದು. ಹೆಂಗಸರು ಬೇರೆ ಕಡೆ ಕೆಲಸದಲ್ಲಿದ್ದಾಗ ಅವನು ಸಾಲಿನ ಉದ್ದಕ್ಕೂ ನಡೆಯುತ್ತ ಅಂಗೈಯನ್ನು ಸಸಿಗಳ ತಲೆಯ ಮೇಲೆ ಆಡಿಸಿಕೊಂಡು ಹೋಗುತ್ತಿದ್ದ. ಅವು ಬಾಗಿ ಮತ್ತೆ ಏಳುತ್ತಿದ್ದವು. ಕೈಗೆ ಟಮೋಟ ಎಲೆಯ ಹಸಿರು ಘಾಟು ಹತ್ತುತ್ತಿತ್ತು. ಇವತ್ತು ಮೂರನೇ ಅಂಕಣಕ್ಕೆ ಬಂದವನು ಕೈ ಚಾಚಿ ಅಲ್ಲೇ ನಿಂತ. ಎಲೆಗಳಲ್ಲಿ ತಿಳಿ ಹಸಿರು, ಕಡು ಹಸಿರು ತೇಪೆ ತೇಪೆ. ಕೆಲವು ಸುಳಿಗಳು ದಾರದಂತೆ ಸಣಕಲಾಗಿ ಮುರುಟಿದ್ದವು. ಇನ್ನೊಂದು ಟ್ರೇ ನೋಡಿದ, ಅದರಲ್ಲೂ. ಅದರ ಪಕ್ಕದ್ದರಲ್ಲೂ. ರೋಗ ಹೇಗೆ ಹರಡಿದೆ ಎಂದು ಕಣ್ಣು ಹಾಯಿಸಿದ. ಅದು ಚದುರಿ ಬಿದ್ದಿರಲಿಲ್ಲ. ದಾರಿಗೆ ತಾಗಿದ ಅಂಚಿನಲ್ಲಿ, ಒಂದು ಅಂಗೈ ಅಗಲಕ್ಕೆ, ಸಾಲಿನ ಈ ತುದಿಯಿಂದ ಆ ತುದಿಯವರೆಗೂ ನೇರವಾಗಿ ಹೋಗಿತ್ತು. ನಡೆದು ಹೋಗುವ ಗಂಡಸಿನ ಕೈ ಸಲೀಸಾಗಿ ಎಟುಕುವ ಜಾಗ.

ಅವನು ಕೈ ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಉಗುರುಗಳನ್ನು ನೋಡಿಕೊಂಡ. ಹೆಬ್ಬೆರಳಿನ ಉಗುರಿನ ಕೆಳಗೆ ಕಂದು ಗೀರು. ಸೋಪಿಗೆ ಹೋಗದೆ ಕೂತದ್ದು ಎಷ್ಟು ದಿನದ್ದೋ. ಆ ಅಂಕಣದಲ್ಲಿ ಕೆಲಸ ಮಾಡುತ್ತಿದ್ದವಳು ಮುನಿಲಕ್ಷ್ಮಿ ಒಬ್ಬಳೇ; ಸತ್ತ ಸಸಿ ಕಿತ್ತು ಖಾಲಿ ಗುಣಿಗಳಿಗೆ ಹೊಸದನ್ನು ಕೂರಿಸುತ್ತಿದ್ದಳು. ಅವಳದು ಕೂತು ಮಾಡುವ ಕೆಲಸ, ಟ್ರೇಯ ನಡುವೆ ಮಾಡುವ ಕೆಲಸ, ನಡುವೆ ಎಲೆಗಳು ನಿರ್ಮಲವಾಗಿದ್ದವು. ಎಲೆ ಅಡಿಕೆಯನ್ನೂ ಮುಟ್ಟದವಳು. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಸುತ್ತಲ ಹಳ್ಳಿಗಳಲ್ಲಿ ನಾಟಿ ಶುರುವಾದರೆ ಮೊದಲು ಅವಳನ್ನೇ ಕರೆಯುತ್ತಿದ್ದರು, ಮೊದಲ ಸಸಿಯನ್ನು ಅವಳ ಕೈಯಿಂದಲೇ ಇಡಿಸುತ್ತಿದ್ದರು. ಅವಳ ಕೈಗುಣ ಹಾಗೆ, ಅವಳು ಊರಿದ್ದು ಒಣಗುವುದಿಲ್ಲ ಎನ್ನುತ್ತಿದ್ದರು. ಇದನ್ನು ಕೇಳಿದಾಗ ಶಿವಪ್ರಸಾದನಿಗೆ ಸಣ್ಣಗೆ ಹೊಟ್ಟೆ ಉರಿದಿತ್ತು ಕೂಡ. ಓದಿ ಬಂದವನಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಹಿಂದೊಮ್ಮೆ ಗೇಟಿನ ಹೊರಗೆ ಅವಳು ನಿಂತಿದ್ದದ್ದು ನೆನಪಾಯಿತು. ಅವನು ಹೊಸದಾಗಿ ಬಂದು ಎಲ್ಲರನ್ನೂ ಕೂರಿಸಿ ಪಾಠ ಹೇಳಿದ್ದ: ಈ ರೋಗ ಮುಟ್ಟುವುದರಿಂದ ಬರುತ್ತದೆ, ಗಾಳಿಯಿಂದ ಅಲ್ಲ, ನೀರಿನಿಂದ ಅಲ್ಲ, ಮುಟ್ಟುವುದರಿಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ಅವನಿಗೆ ಅರ್ಥವಾಗಿರಲಿಲ್ಲ. ಮಾರನೇ ದಿನ ಮುನಿಲಕ್ಷ್ಮಿ ಗೇಟಿನಾಚೆ ಬೇವಿನ ಕೆಳಗೆ ದೂರ ನಿಂತಿದ್ದಳು, ಒಳಗೆ ಬಾ ಎಂದರೆ ತಲೆ ತಗ್ಗಿಸಿದಳು, ನೀವೇ ಬರಬ್ಯಾಡಿ ಅಂದ್ರಲ್ಲ ಸಾ ಎಂದಳು. ಅವನು ಯಾವ ಮುಟ್ಟನ್ನು ಹೇಳಿದ್ದ, ಅವರು ಯಾವ ಮುಟ್ಟನ್ನು ಕೇಳಿಸಿಕೊಂಡಿದ್ದರು! ಅವನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದು, ಎಲ್ಲರ ಎದುರಿಗೇ ಗಟ್ಟಿಯಾಗಿ ಹೇಳಿದ್ದ: ನಾನು ಹೇಳಿದ್ದು ಕೈಯಿಂದ ಮುಟ್ಟುವುದು, ಆ ಮುಟ್ಟಲ್ಲ, ಆ ಮುಟ್ಟಿಗೂ ಸಸಿಗೂ ಯಾವ ಸಂಬಂಧವೂ ಇಲ್ಲ, ಆ ದಿನಗಳಲ್ಲೂ ಬನ್ನಿ, ಇದು ನನ್ನ ಮಾತು. ಹೇಳುವಾಗ ತಾನು ಅಮ್ಮನನ್ನು ಗೋಣಿತಾಟಿನಿಂದ ಎಬ್ಬಿಸುತ್ತಿದ್ದೇನೆ ಎನ್ನಿಸಿತ್ತು. ಬೇರೆಯವರು ಒಪ್ಪಲಿಲ್ಲ, ಆ ದಿನಗಳಲ್ಲಿ ಮನೆಯಲ್ಲೇ ಉಳಿಯುತ್ತಿದ್ದರು. ಅವನ ಮಾತು ನಂಬಿ ಬಂದವಳು ಮುನಿಲಕ್ಷ್ಮಿ ಒಬ್ಬಳೇ.

ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಸುಧಾಕರ ಬಂದ. ಸ್ಕೂಟರಿನಿಂದ ಇಳಿದವನೇ ನೇರ ಒಳಗೆ ನುಗ್ಗಿ, ಮೂರನೇ ಅಂಕಣದ ಮುಂದೆ ನಿಂತು ತಲೆ ಕೆರೆದುಕೊಂಡ. ನಾಳೆ ಬೂದಿಕೋಟೆಯವರು ಗಾಡಿ ತರುತ್ತಾರೆ, ಈ ಸಸಿ ಕೊಟ್ಟರೆ ಅವರ ತೋಟ ಹಾಳು, ಕೊಡದಿದ್ದರೆ ನನ್ನ ಮಾನ ಹಾಳು ಎಂದು ಒಂದೇ ಸಮನೆ ಅಂದ. ಶಿವಪ್ರಸಾದ್ ಹೇಳಬೇಕಾದದ್ದನ್ನು ಹೇಳಿದ: ಈ ಅಂಕಣವನ್ನು ಪೂರ್ತಿ ಕಿತ್ತು ಸುಡಬೇಕು, ಟ್ರೇ ತೊಳೆಯಬೇಕು, ಒಂದು ಸಸಿಯೂ ಇಲ್ಲಿಂದ ಹೊರಗೆ ಹೋಗಬಾರದು, ಉಳಿದ ಅಂಕಣಗಳಿಗೆ ಯಾರೂ ಕೈ ಹಾಕಬಾರದು. ಹೇಳುತ್ತಿದ್ದಾಗ ತನ್ನ ಬಾಯಿಯಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿರಬಹುದು ಎಂದು ಮುಖವನ್ನು ಓರೆ ಮಾಡಿಕೊಂಡ. ಜೊಲ್ಲು ತುಂಬಿತ್ತು, ನುಂಗಿದ. ಸುಧಾಕರ ಎಲೆಯೊಂದನ್ನು ಚಿವುಟಿ ಬೆಳಕಿಗೆ ಹಿಡಿದ.

"ಎಲ್ಲಿಂದ ಬಂತ್ರೀ ಇದು?"

"ಕೈಯಿಂದ."

"ಯಾರ ಕೈಯಿಂದ?"

ಅಷ್ಟು ಹೊತ್ತಿಗೆ ಹೆಂಗಸರು ಕೆಲಸ ಬಿಟ್ಟು ಬಂದು ಸುತ್ತ ನಿಂತಿದ್ದರು. ಮುನಿಲಕ್ಷ್ಮಿ ಹಿಂದೆ ನಿಂತಿದ್ದಳು, ತಾನು ಕೂರಿಸಿದ ಸಸಿಗಳನ್ನು ನೋಡುತ್ತ. ಶಿವಪ್ರಸಾದನ ಬಾಯಿ ತೆರೆಯಿತು. ನನ್ನ ಕೈಯಿಂದ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ತುಟಿ ಎತ್ತಿ ತೋರಿಸಿದರೆ ಆಯಿತು, ದಿನವೂ ಇವರೆಲ್ಲ ತೋರಿಸುವಂತೆ. ಇವರ ಮುಂದೆ ತಾನು ಆ ಎನ್ನುವುದನ್ನು, ಅಕ್ಕಯ್ಯಮ್ಮ ಬಗ್ಗಿ ಒಳಗೆ ನೋಡುವುದನ್ನು, ಒಸಡಿಗೆ ಅಂಟಿದ ಆ ಒದ್ದೆ ಚೀಲವನ್ನು ಸುಧಾಕರ ಬೆರಳು ಮಾಡಿ ತೋರಿಸುವುದನ್ನು ಅವನು ಕಣ್ಣಾರೆ ಕಂಡ. ಅವನ ಬಾಯಿ ಮುಚ್ಚಿಕೊಂಡಿತು. ಆ ಹೊತ್ತಿಗೆ ಅಕ್ಕಯ್ಯಮ್ಮ ಮಾತಾಡಿದಳು, ಜಗಳಕ್ಕಲ್ಲ, ಚಾಡಿಗೂ ಅಲ್ಲ, ಮನೆಯ ಹಿರಿಯಳು ಹೇಳುವಂತೆ ನಿಧಾನವಾಗಿ, ಬೇಸರದಿಂದ. ಹೋದ ವಾರ ಈ ಹುಡುಗಿ ಮುಟ್ಟಾಗಿದ್ದಳು, ಹೊಟ್ಟೆ ಹಿಡಿದುಕೊಂಡು ಕೂತದ್ದನ್ನು ತಾನೇ ನೋಡಿದ್ದೇನೆ, ಬೇಡ ಕಣಮ್ಮಿ ಅಂದರೆ ಸಾರ್ ಬರೋಕೆ ಹೇಳವ್ರೆ ಅಂದಳು, ತಾನೂ ಸುಮ್ಮನಾದೆ, ಇದೇ ಅಂಕಣದಲ್ಲಿ ಕೂತಿದ್ದಳು. ಹೆಂಗಸರು ಒಂದು ಹೆಜ್ಜೆ ಸರಿದರು. ಮುನಿಲಕ್ಷ್ಮಿಯ ಸುತ್ತ ಜಾಗ ಖಾಲಿಯಾಯಿತು.

ಸುಧಾಕರನ ಮುಖದಲ್ಲಿ ಮೊದಲು ಗೊಂದಲ ಕಾಣಿಸಿತು, ಆಮೇಲೆ ನೆಮ್ಮದಿ. ಅದನ್ನು ಶಿವಪ್ರಸಾದ್ ಸ್ಪಷ್ಟವಾಗಿ ನೋಡಿದ: ಕಾರಣ ಸಿಕ್ಕಿದ ನೆಮ್ಮದಿ. ಡಿಗ್ರಿ ಓದಿದ ಮನುಷ್ಯ, ಫೋನಿನಲ್ಲಿ ದಿನವೂ ಮಾರ್ಕೆಟ್ಟು ನೋಡುವವನು, ಚಿವುಟಿದ ಎಲೆಯನ್ನು, ಉರಿಯುವ ಬೆಂಕಿಕಡ್ಡಿಯಿಂದ ಬೆರಳು ಸುಟ್ಟುಕೊಂಡವನಂತೆ, ಕೆಳಕ್ಕೆ ಬಿಟ್ಟು ಕೈ ಕೊಡವಿಕೊಂಡ. ನಾನು ಇಂಥದ್ದೆಲ್ಲ ನಂಬೋನಲ್ಲ, ಆದರೆ ನಮ್ಮಮ್ಮ ಹೇಳ್ತಿದ್ದಳು, ವೀಳ್ಯದೆಲೆ ಬಳ್ಳಿ ಹತ್ತಿರವೂ ಬಿಡುತ್ತಿರಲಿಲ್ಲ ಎಂದ. ಥೂ ನಿನ್ನ, ಎಂದುಕೊಂಡ ಶಿವಪ್ರಸಾದ್. ಎಲ್ಲರ ಮೇಲೂ ಅವನಿಗೆ ಹೇಸಿಗೆಯಾಯಿತು: ಸರಿದು ನಿಂತ ಹೆಂಗಸರ ಮೇಲೆ, ಅವರ ಕೈಯಿಂದ ಬರುವ ಹುಳಿ ವಾಸನೆಯ ಮೇಲೆ, ಸುಧಾಕರನ ಅಂಗಿಯ ಕಂಕುಳ ಒದ್ದೆಯ ಮೇಲೆ. ಮುನಿಲಕ್ಷ್ಮಿಯ ಮೇಲೂ, ಇಷ್ಟು ಜನರಿರುವಾಗ ತನ್ನೊಬ್ಬನನ್ನೇ ಹಾಗೆ ನೋಡುತ್ತಿರುವುದಕ್ಕೆ. ಅವಳು ಮುಂದೆ ಬಂದು ಅವನಿಗೆ ಎದುರಾಗಿ ನಿಂತಳು. ಹಾಲು ಒಣಗಿ ಅವಳ ಕೈಗಳ ಮೇಲೆ ಬಿಳಿಯ ಗೆರೆಗಳು ಬಿದ್ದಿದ್ದವು.

"ನನ್ನ ಮುಟ್ಟಿಂದ ಬಂತಾ ಸಾ ಇದು? ನೀವು ಓದಿರೋರು. ನೀವು ಒಂದು ಮಾತು ಯೋಳಿದ್ರೆ ಇವ್ರೆಲ್ಲ ಸುಮ್ಕಾಯ್ತಾರೆ."

ಅವಳಿಗೆ ಬೇಕಾಗಿದ್ದದ್ದು ಕೆಲಸವಷ್ಟೇ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಇವತ್ತು ಸಂಜೆ ಈ ಹೆಂಗಸರು ಬಸ್ಸಿನಲ್ಲಿ, ಡೈರಿಯಲ್ಲಿ, ನಲ್ಲಿಯ ಹತ್ತಿರ ಇದನ್ನೇ ಆಡುತ್ತಾರೆ. ನಾಳೆಯಿಂದ ಯಾರ ತೋಟದಲ್ಲೂ ಮೊದಲ ಸಸಿಗೆ ಅವಳ ಕೈ ಬೇಡ. ಮೊದಲ ಸಸಿಯೇಕೆ, ಯಾವ ಸಸಿಗೂ ಬೇಡ. ಹೇಳು, ಎಂದು ತನಗೆ ತಾನೇ ಹೇಳಿಕೊಂಡ. ತನ್ನ ಹೆಸರು ಹೇಳಬೇಕಾಗಿಯೂ ಇಲ್ಲ, ಅಲ್ಲ ಎಂದರೆ ಸಾಕು. ಆದರೆ ಅಲ್ಲ ಎಂದ ಕೂಡಲೇ ಸುಧಾಕರ ಮತ್ತೆ ಅದೇ ಪ್ರಶ್ನೆ ಕೇಳುತ್ತಾನೆ, ಹಾಗಾದರೆ ಯಾರ ಕೈ ಎಂದು. ದಾರಿಯ ಅಂಚಿನ ಆ ಗೆರೆ ಅಲ್ಲೇ ಇದೆ, ಕಣ್ಣಿದ್ದವರಿಗೆ ಕಾಣುವಂತೆ. ಮೇಲ್ದುಟಿ ಉರಿಯುತ್ತಿತ್ತು. ಅವನು ಪಾಠ ಹೇಳುವವನ ದನಿ ತಂದುಕೊಂಡ. ಸುಳ್ಳು ಹೇಳಬಾರದು ಎಂಬ ಒಂದು ಎಚ್ಚರ ಮಾತ್ರ ಅವನಲ್ಲಿ ಇನ್ನೂ ಉಳಿದಿತ್ತು.

"ಈ ರೋಗ ಮುಟ್ಟೋದರಿಂದಲೇ ಬರೋದು," ಎಂದ.

ಅಕ್ಕಯ್ಯಮ್ಮ ನಿಟ್ಟುಸಿರು ಬಿಟ್ಟಳು. ಸುಧಾಕರ ತಲೆಯಾಡಿಸಿದ. ಮುನಿಲಕ್ಷ್ಮಿ ಮಾತ್ರ ಅಲುಗಲಿಲ್ಲ. ಅವಳ ಮುಖದಲ್ಲಿ ಭಯವಿರಲಿಲ್ಲ, ಕಾಯುವಿಕೆ ಇತ್ತು. ಈ ವಾಕ್ಯವನ್ನು ಅವಳು ಮುಂಚೆ ಕೇಳಿದ್ದಳು. ಇದರ ಹಿಂದೆ ಇನ್ನೊಂದು ವಾಕ್ಯ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಲೆಯ ಮೇಲೆ ಗಾಳಿ ಆಡಿತು. ಎಲ್ಲೋ ದೂರ ಬಂಗಾರಪೇಟೆ ಕಡೆ ರೈಲು ಕೂಗಿತು. ಅವನು ಕಾಲ ಕೆಳಗಿನ ಒದ್ದೆ ತೆಂಗಿನ ನಾರನ್ನು ನೋಡುತ್ತ ನಿಂತ.

"ಇನ್ನರ್ಧ ಯೋಳಿ ಸಾ," ಎಂದಳು.

ಯಾವ ಇನ್ನರ್ಧ ಎಂದು ಸುಧಾಕರ ಕೇಳಿದ. ಶಿವಪ್ರಸಾದ್ ಏನೂ ಇಲ್ಲವೆನ್ನುವಂತೆ ತಲೆ ಅಲ್ಲಾಡಿಸಿದ. ಮುನಿಲಕ್ಷ್ಮಿ ಅವನ ಮುಖ ನೋಡಿದಳು. ಬಾಯಿ ನೋಡಿದಳು ಎಂದು ಅವನಿಗೆ ಅನ್ನಿಸಿತು, ದಿನವೂ ತಾನು ಅವಳ ಬಾಯಿಯನ್ನು ನೋಡುವಂತೆ. ಆಮೇಲೆ ಬಾಗಿ ತನ್ನ ಸಣ್ಣ ಕಡ್ಡಿಯನ್ನು, ಗುಣಿ ಮಾಡಲು ತಾನೇ ಕೆತ್ತಿಕೊಂಡಿದ್ದ ಲಂಟಾನದ ಕಡ್ಡಿಯನ್ನು, ಟ್ರೇಯಿಂದ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೆಂಗಸರು ಸೆರಗು ಎಳೆದುಕೊಂಡು ದಾರಿ ಬಿಟ್ಟರು. ಅವಳು ಹೋಗುವಾಗ ಯಾವ ಸಸಿಗೂ ಬಟ್ಟೆ ತಾಗದಂತೆ ಮೈಯನ್ನು ಹಿಡಿ ಮಾಡಿಕೊಂಡು ಹೋದಳು. ಅದು ಅವನೇ ಕಲಿಸಿದ್ದು.

ಮುಂದಿನದೆಲ್ಲ ಬೇಗ ಬೇಗ ಆಯಿತು. ಮೂರನೇ ಅಂಕಣವನ್ನು ಬಗೆದು ಹೊರಗೆ ಹಾಕಿ ಬೆಂಕಿ ಇಟ್ಟರು. ಹಸಿ ಸಸಿ ಸರಿಯಾಗಿ ಉರಿಯದೆ ದಟ್ಟ ಹೊಗೆ ಎದ್ದು ಎಲ್ಲರ ಕಣ್ಣಲ್ಲೂ ನೀರು ತರಿಸಿತು. ಅಕ್ಕಯ್ಯಮ್ಮ ಯಾರೂ ಹೇಳದೆಯೇ ಬೋಗುಣಿಯ ಹಾಲನ್ನು ಬೇವಿನ ಬುಡಕ್ಕೆ ಚೆಲ್ಲಿ, ಆ ಹುಡುಗಿ ಅದ್ದಿದ ಹಾಲು ಅದು ಎನ್ನುತ್ತ ಬೋಗುಣಿಯನ್ನು ಬೂದಿ ಹಾಕಿ ತಿಕ್ಕತೊಡಗಿದಳು. ಅದನ್ನು ಕಂಡು ಸುಧಾಕರನಿಗೆ ಏನೋ ಹೊಳೆಯಿತು. ಫೋನು ಮಾಡಿದ. ತುಸು ಹೊತ್ತಿಗೆ ಪಕ್ಕದ ಹಟ್ಟಿಯಿಂದ ತಂಬಿಗೆಯಲ್ಲಿ ಗಂಜಲ ಬಂತು. ಅದಕ್ಕೆ ಅರಿಶಿನ ಕದಡಿ, ಮಾವಿನ ಸೊಪ್ಪು ಇಟ್ಟು, ಉಳಿದ ಅಂಕಣಗಳಿಗಾದರೂ ಚಿಮುಕಿಸಿಬಿಡೋಣ ಎಂದ. ನಿಮ್ಮ ವಿಜ್ಞಾನಕ್ಕೆ ಅಡ್ಡ ಬರಲ್ಲ ತಾನೆ, ಎಂದು ನಗುತ್ತ ಕೇಳಿದ. ಗಂಜಲದ ಘಾಟು ಮೂಗಿಗೆ ಬಡಿದದ್ದೇ ಶಿವಪ್ರಸಾದನ ಬಾಯಲ್ಲಿ ವಾಕರಿಕೆಯ ನೀರೂರಿತು. ಅಜ್ಜಿಯ ಒರಟು ಬೆರಳು ಮತ್ತೆ ತುಟಿಯನ್ನು ಸರಿಸಿದಂತಾಯಿತು. ತುಟಿಯೊಳಗಿನ ಚೀಲ ಒಡೆದು ಪುಡಿ ನಾಲಿಗೆಗೆ ಬಂತು. ಅವನು ಬೆರಳಿಟ್ಟು ಅದನ್ನು ಒಳಕ್ಕೆ ಒತ್ತಿಕೊಂಡ, ಹಲ್ಲುನೋವಿದ್ದವನಂತೆ. ಯಾರೂ ಗಮನಿಸಲಿಲ್ಲ.

ಯಾರು ಚಿಮುಕಿಸಬೇಕು ಎಂಬ ಮಾತು ಬಂತು. ಹೆಂಗಸರು ಹಿಂದೆ ಸರಿದರು, ಇವತ್ತು ತಮ್ಮ ಕೈ ಬೇಡ ಎಂದರು. ಸುಧಾಕರ ತಾನು ಬೆಳಗ್ಗೆ ಸ್ನಾನ ಮಾಡಿಲ್ಲ ಎಂದ. ಅಕ್ಕಯ್ಯಮ್ಮ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಶಿವಪ್ರಸಾದನ ಮುಂದೆ ಹಿಡಿದಳು.

"ನೀವೇ ಮಾಡಿ ಸಾ. ದಿನಾ ನಮ್ಮ ಬಾಯೆಲ್ಲ ನೋಡಿ ಒಳಿಕ್ಕೆ ಬಿಡೋರು ನೀವು. ನಿಮ್ಮ ಕೈ ಒಂದೇ ಇಲ್ಲಿ ಸುದ್ದವಾಗಿರೋದು."

ಅವನು ಬೋಗುಣಿಯ ಕಡೆ ನೋಡಿದ. ಒಂದು ಸಲ, ಒಂದೇ ಸಲ ಅದ್ದಿ ಹೋಗಬೇಕೆನ್ನಿಸಿತು. ಕಕ್ಕಿದರೂ ಸರಿ, ಇವರೆಲ್ಲರ ಎದುರಿಗೇ ಕಕ್ಕಿದರೂ ಸರಿ. ಬೋಗುಣಿ ಚಪ್ಪಡಿಯ ಮೇಲೆ ಬೋರಲಾಗಿ ಬಿಸಿಲಿಗೆ ಹೊಳೆಯುತ್ತಿತ್ತು. ಹಾಲಿನ ಪುಡಿ ಮುಗಿದಿದೆ, ನಾಳೆ ತರಬೇಕು ಎಂದು ಯಾರೋ ಹೇಳಿದರು. ಅವನು ತಂಬಿಗೆ ತೆಗೆದುಕೊಂಡ. ಮಾವಿನ ಸೊಪ್ಪನ್ನು ಅದ್ದಿದಾಗ ಬೆರಳುಗಳು ಬೆಚ್ಚಗೆ ಒದ್ದೆಯಾದವು, ಉಗುರಿನ ಕೆಳಗಿನ ಕಂದು ಗೀರು ನೆನೆಯಿತು. ಎರಡು ಬಾಗಿಲು ದಾಟಿ, ಬ್ಲೀಚಿಂಗ್ ನೀರಿನಲ್ಲಿ ಕಾಲಿಟ್ಟು, ಒಂದನೇ ಅಂಕಣದ ಮುಂದೆ ನಿಂತ. ಸಸಿಗಳು ಒಂದೇ ಎತ್ತರಕ್ಕೆ, ಒಂದೇ ಬಣ್ಣಕ್ಕೆ ನಿಂತಿದ್ದವು. ಬಲೆಯ ಆಚೆ ಹೆಂಗಸರು ಕೈ ಮುಗಿದುಕೊಂಡು ಸಾಲಾಗಿ ನಿಂತು ಒಳಗೆ ನೋಡುತ್ತಿದ್ದರು. ದೂರದಿಂದ ಚಿಮುಕಿಸಿದರೆ ಎಲ್ಲಕ್ಕೂ ತಾಗುವುದಿಲ್ಲ, ಕೈ ಹಾಕಿ ಸವರಿ ಎಂದು ಸುಧಾಕರ ಹೊರಗಿನಿಂದ ಕೂಗಿ ಹೇಳಿದ. ಶಿವಪ್ರಸಾದ್ ಅಂಗೈಯನ್ನು ಸಸಿಗಳ ತಲೆಯ ಮೇಲಿಟ್ಟು ಸಾಲಿನ ಉದ್ದಕ್ಕೂ ನಡೆಯತೊಡಗಿದ.